ಮರದಚ್ಚಿಗೆ ಬಂದ ಕತ್ತಲೆ

ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳಲ್ಲಿ ರಾತ್ರಿ ಇರುತ್ತಿತ್ತು, ಕತ್ತಲೆ ಇರುತ್ತಿರಲಿಲ್ಲ. ಆಕಾಶಕ್ಕೆ ಕಪ್ಪು ಬಳಿದು, ಮೂಲೆಯಲ್ಲೊಬ್ಬ ಚಂದ್ರನನ್ನೋ ಕೈಯಲ್ಲೊಂದು ಲಾಂದ್ರವನ್ನೋ ಇಟ್ಟರೆ ಅದು ರಾತ್ರಿಯೆಂದು ನೋಡುವವರು ಒಪ್ಪಿಕೊಳ್ಳುತ್ತಿದ್ದರು. ಅದರಡಿ ನಿಂತ ಚೆಲುವೆಯ ಮುಖ, ಉಡುಪಿನ ಹೂವುಗಳು ಮಾತ್ರ ಹಾಡುಹಗಲಿನಷ್ಟೇ ನಿಚ್ಚಳ. ನೆಲದ ಮೇಲೆ ನೆರಳು ಬೀಳುತ್ತಿದ್ದುದು ಅಪರೂಪ.

ಮರದಚ್ಚಿಗೆ ಸುಲಭವಾಗಿ ಒಲಿಯುವುದು ಗೆರೆ ಮತ್ತು ಒಂದೇ ಹದದ ಬಣ್ಣ. ಚಿತ್ರಕಾರ ಬರೆದದ್ದನ್ನು ಕೆತ್ತನೆಗಾರ ಚೆರ್ರಿ ಮರದ ಹಲಗೆಗಳಲ್ಲಿ ಕೆತ್ತುತ್ತಿದ್ದ. ಮುದ್ರಕ ಅವಕ್ಕೆ ಬಣ್ಣ ಹಚ್ಚಿ, ಕಾಗದವಿಟ್ಟು ಕೈಯಿಂದ ಉಜ್ಜುತ್ತಿದ್ದ. ಕಡುಬಣ್ಣ ಮೆಲ್ಲಗೆ ತಿಳಿಯಾಗಬೇಕಾದರೆ ಒದ್ದೆ ಹಲಗೆಯ ಮೇಲೆ ಬಣ್ಣವನ್ನು ಕುಂಚದಿಂದ ಹದವಾಗಿ ಹರಡಬೇಕು. 'ಬೊಕಾಶಿ' ಎಂಬ ಈ ಕೆಲಸವನ್ನು ಪ್ರತಿಯೊಂದು ಪ್ರತಿಗೂ ಹೊಸದಾಗಿ ಮಾಡಬೇಕು. ಸಂಜೆಯ ಆಕಾಶಗಳಿಗೆ ಹೆಸರಾದ ಹಿರೋಶಿಗೆ (1797–1858) ನಂಬಿದ್ದು ಇದನ್ನೇ. 1856ರಲ್ಲಿ ಅವನು ರಚಿಸಿದ ಸರುವಾಕಾ ಬೀದಿಯ ರಾತ್ರಿನೋಟದಲ್ಲಿ ಹುಣ್ಣಿಮೆಯ ಬೆಳಕಿಗೆ ದಾರಿಹೋಕರ ನೆರಳು ನೆಲದ ಮೇಲೆ ಬಿದ್ದಿದೆ. ಅಂದಿನ ಜನರಿಗೆ ಅದೇ ಹೊಸತು.

ಕತ್ತಲೆಯನ್ನೇ ವಸ್ತುವಾಗಿಸಿಕೊಂಡವನು ಕೊಬಾಯಾಶಿ ಕಿಯೋಚಿಕ (1847–1915). ಎದೋ ನಗರದಲ್ಲಿ ಹುಟ್ಟಿದ ಆತ, 1868ರಲ್ಲಿ ಶೋಗುನನ ಆಳ್ವಿಕೆ ಕುಸಿದಾಗ ಸೋತವರ ಪಕ್ಷದಲ್ಲಿದ್ದ. ಊರು ಬಿಟ್ಟು, ಕೆಲವು ವರ್ಷಗಳ ನಂತರ ಹಿಂದಿರುಗಿದಾಗ ಎದೋ ಟೋಕಿಯೋ ಆಗಿತ್ತು. 1874ರಲ್ಲಿ ಗಿಂಜಾ ಬೀದಿಗೆ ಗ್ಯಾಸ್ ದೀಪಗಳು ಬಂದವು.

1876ರಿಂದ ಆತ ಹೊರತಂದ ಚಿತ್ರಗಳಿಗೆ 'ಕೋಸೆನ್‌ಗ', ಅಂದರೆ ಬೆಳಕಿನ ಕಿರಣಗಳ ಚಿತ್ರ, ಎಂಬ ಹೆಸರಾಯಿತು. ಇಲ್ಲಿ ದಪ್ಪ ಕಪ್ಪು ಹೊರಗೆರೆ ಹಿಂದೆ ಸರಿಯಿತು. ದೀಪಕ್ಕೆ ಬೆನ್ನು ಕೊಟ್ಟ ಮನುಷ್ಯರು ಮುಖವಿಲ್ಲದ ನೆರಳುಗಳಾದರು. ನದಿಯಾಚೆಯ ಕಿಟಕಿಗಳ ಬೆಳಕು ನೀರಿನಲ್ಲಿ ನಡುಗಿತು. ಹೊಸ ದೀಪಗಳು ಊರಿನ ಕತ್ತಲೆಯನ್ನು ಓಡಿಸುತ್ತಿದ್ದ ಆ ಕಾಲದಲ್ಲೇ, ಆ ಕತ್ತಲೆ ಎಷ್ಟು ದಟ್ಟವಾಗಿತ್ತೆಂದು ಆತ ಕಾಗದದ ಮೇಲೆ ಉಳಿಸಿಟ್ಟ.

1881ರ ಜನವರಿಯಲ್ಲಿ ರ್‍ಯೋಗೊಕು ಪ್ರದೇಶಕ್ಕೆ ಭಾರಿ ಬೆಂಕಿ ಬಿತ್ತು. ಕಿಯೋಚಿಕ ಪುಸ್ತಕ ಹಿಡಿದು ಉರಿಯನ್ನು ಬರೆದುಕೊಳ್ಳುತ್ತಿದ್ದಾಗ ಅವನ ಸ್ವಂತ ಮನೆಯೂ ಸುಟ್ಟುಹೋಯಿತು. ಆ ಬೆಂಕಿಯ ಚಿತ್ರಗಳು ಅಚ್ಚಾದವು. ಅದೇ ವರ್ಷ ಆತ ಕೋಸೆನ್‌ಗ ನಿಲ್ಲಿಸಿ ವ್ಯಂಗ್ಯಚಿತ್ರಗಳತ್ತ ಹೊರಳಿದ.

ಮರದಚ್ಚಿನಲ್ಲಿ ಬೆಳಕಿಗೆಂದು ಬೇರೆ ಮಸಿಯಿಲ್ಲ. ಹಲಗೆ ಮುಟ್ಟದೆ ಬಿಟ್ಟ ಬಿಳಿ ಕಾಗದವೇ ಅಲ್ಲಿ ದೀಪ. ಸುತ್ತಲಿನ ಕಪ್ಪು ಗಾಢವಾದಷ್ಟೂ ಅದು ಉರಿಯುತ್ತದೆ.