ಮರೆವಿನ ಕಾಯಿಲೆ: ಹಿರಿಯರ ಕೈಯ ಕೆಲಸ ಉಳಿಸೋಣ



ಹಿರಿಯರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆಯೆಂದು ತಿಳಿದ ಕೂಡಲೇ ಅನೇಕ ಮನೆಗಳಲ್ಲಿ ಅವರ ಕೆಲಸಗಳನ್ನೆಲ್ಲ ಬೇರೆಯವರು ವಹಿಸಿಕೊಳ್ಳುತ್ತಾರೆ. ಇದು ಪ್ರೀತಿಯಿಂದಲೇ ಆಗುತ್ತದೆ. ಆದರೆ ಮಾಡದೆ ಬಿಟ್ಟ ಕೆಲಸವನ್ನು ಕೈ ಇನ್ನೂ ಬೇಗ ಮರೆಯುತ್ತದೆ.

ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಮರೆವು ಕಂಡರೆ ಮೊದಲು ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ಅಲ್ಝೈಮರ್ಸ್‌ನಂಥ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಅಲ್ಲಿ ನೆರವಿಗೆ ಬರುವುದು ಆಕ್ಯುಪೇಷನಲ್ ಥೆರಪಿ.

ಈ ಚಿಕಿತ್ಸಕರು ಕಳೆದುಹೋದ ನೆನಪನ್ನು ಮರಳಿ ತರುವುದಿಲ್ಲ. ಉಳಿದಿರುವ ಶಕ್ತಿಗೆ ತಕ್ಕಂತೆ ಕೆಲಸವನ್ನೂ ಮನೆಯನ್ನೂ ಹೊಂದಿಸುತ್ತಾರೆ. ನಿನ್ನೆಯ ಮಾತು ಮರೆತವರಿಗೂ ವರ್ಷಗಟ್ಟಲೆ ಮಾಡಿದ ಕೈಕೆಲಸ ಬಹುಕಾಲ ಉಳಿದಿರುತ್ತದೆ. ಆದ್ದರಿಂದ, ಯಾವ ಹಂತದಲ್ಲಿ ಕೈ ನಿಲ್ಲುತ್ತದೆ ಎಂದು ಅವರು ಮೊದಲು ಗಮನಿಸುತ್ತಾರೆ. ವುಝೂ ಮಾಡುವಾಗ ಕ್ರಮ ತಪ್ಪಿದರೆ, ಪಕ್ಕದಲ್ಲಿ ನಿಂತು ಒಂದೊಂದೇ ಹಂತ ನೆನಪಿಸಿದರೆ ಸಾಕು. ಕೈಕಾಲು ನಾವೇ ತೊಳೆಸಬೇಕಿಲ್ಲ. ಅಡುಗೆ ಮಾಡುತ್ತಿದ್ದ ಅಜ್ಜಿ ಒಲೆಯ ಬಳಿ ಹೋಗುವುದು ಅಪಾಯವಾದರೆ, ಬೆಳ್ಳುಳ್ಳಿ ಸುಲಿಯುವ, ಸೊಪ್ಪು ಬಿಡಿಸುವ ಕೆಲಸ ಅವರದಾಗಿಯೇ ಇರಲಿ. ಬಚ್ಚಲಿನ ಬಾಗಿಲಿಗೆ ಚಿತ್ರ, ಗೋಡೆಗೆ ಹಿಡಿಕೆ, ರಾತ್ರಿ ಸಣ್ಣ ದೀಪ ಇರಲಿ. ಹಾಕಿಕೊಳ್ಳುವ ಬಟ್ಟೆಯನ್ನು ಉಡುವ ಕ್ರಮದಲ್ಲೇ ಜೋಡಿಸಿಡಿ. ತಪ್ಪಾದರೆ ಗದರಬೇಡಿ, ಪರೀಕ್ಷೆ ಮಾಡುವಂತೆ ಪ್ರಶ್ನೆ ಕೇಳಬೇಡಿ.

ಇದರಿಂದ ಪ್ರಯೋಜನವಿದೆಯೇ? ನೆದರ್ಲೆಂಡ್ಸ್‌ನಲ್ಲಿ 135 ರೋಗಿಗಳೊಂದಿಗೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸಕರು ಐದು ವಾರಗಳಲ್ಲಿ ಹತ್ತು ಬಾರಿ ರೋಗಿಗಳಿಗೂ ಆರೈಕೆ ಮಾಡುವವರಿಗೂ ಮನೆಯಲ್ಲೇ ತರಬೇತಿ ಕೊಟ್ಟರು. ರೋಗಿಗಳ ದಿನನಿತ್ಯದ ಕೆಲಸ ಸುಧಾರಿಸಿತು, ಮನೆಯವರಿಗೂ ನಿಭಾಯಿಸುವ ಧೈರ್ಯ ಬಂತು. ಮೂರು ತಿಂಗಳ ನಂತರವೂ ಆ ಲಾಭ ಉಳಿದಿತ್ತು. ಮನೆಯ ಒಬ್ಬ ಸೊಸೆಯೋ ಮಗಳೋ ಹಗಲಿರುಳು ಹೊರುವ ಭಾರ ಹಗುರವಾಗುವುದೂ ಚಿಕಿತ್ಸೆಯ ಭಾಗವೇ.

ಇಂಥ ಚಿಕಿತ್ಸಕರು ನಮ್ಮ ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದುತ್ತಿರುವ ಮಕ್ಕಳು ಎಂಬಿಬಿಎಸ್, ನರ್ಸಿಂಗ್ ಜೊತೆಗೆ ಬಿ.ಒ.ಟಿ. ಎಂಬ ಪದವಿಯನ್ನೂ ಯೋಚಿಸಲಿ. ಪಾಲಕರು ಈ ಹೆಸರನ್ನು ಬರೆದಿಟ್ಟುಕೊಳ್ಳಿ. ಇಂಥ ಒಬ್ಬ ವಿದ್ಯಾರ್ಥಿಯ ಶುಲ್ಕಕ್ಕೆ ದಾನಿಗಳು ನೆರವಾದರೆ, ಅದು ಮುಂದೆ ಎಷ್ಟೋ ಮನೆಗಳ ಹಿರಿಯರ ಮಾನ ಕಾಯುತ್ತದೆ.