ಒಳಮನೆಯ ಕಮ್ಮಟ

ಒಂದೇ ಕಾಯಿಲೆಗೆ ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಪಡೆದ ಇಬ್ಬರಲ್ಲಿ ಒಬ್ಬನು ಗುಣ ಹೊಂದಿ ನೆಮ್ಮದಿಯಿಂದ ಮನೆಗೆ ಮರಳುತ್ತಾನೆ. ಇನ್ನೊಬ್ಬನ ಕಾಯಿಲೆಯೂ ವಾಸಿಯಾಗುತ್ತದೆ. ಆದರೆ ಅವನಿಗೆ ಕಿವಿ ಕೇಳಿಸದಾಗುತ್ತದೆ. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಬಳಕೆಗೆ ಬಂದ 1940ರ ದಶಕದಿಂದಲೂ ವೈದ್ಯರು ಈ ಕೆಡುಕನ್ನು ಕಂಡಿದ್ದರು. ಪ್ರಮಾಣ ಮೀರಿದರೆ ಆ ಔಷಧ ಯಾರ ಕಿವಿಗಾದರೂ ಅಪಾಯವೇ. ಆದರೆ ಅಲ್ಪಪ್ರಮಾಣವನ್ನೂ ತಾಳಲಾರದ ಕೆಲವು ಮನೆತನಗಳಿದ್ದವು. ಅವುಗಳಲ್ಲಿ ಈ ದೌರ್ಬಲ್ಯವು ತಾಯಿಯಿಂದ ಮಕ್ಕಳಿಗೆ ಬರುತ್ತಿತ್ತೇ ಹೊರತು ತಂದೆಯಿಂದ ಬರುತ್ತಿರಲಿಲ್ಲ. ಹೀಗೇಕೆ? ಇದರ ಉತ್ತರವನ್ನು ತಿಳಿಯಬೇಕಾದರೆ ನಮ್ಮ ಜೀವಕೋಶದ ಒಳಮನೆಯೊಂದನ್ನು ಹೊಕ್ಕು, ಅಲ್ಲೊಂದು ಯಂತ್ರವು ರೂಪುಗೊಳ್ಳುವ ಬಗೆಯನ್ನು ನೋಡಬೇಕು.

ಆ ಒಳಮನೆಯ ಹೆಸರು ಮೈಟೋಕಾಂಡ್ರಿಯ. ನಾವು ಉಂಡ ಅನ್ನವನ್ನೂ ಉಸಿರಾಡಿದ ಗಾಳಿಯನ್ನೂ ಕೂಡಿಸಿ ಕೋಶಕ್ಕೆ ಶಕ್ತಿಯನ್ನೊದಗಿಸುವ ಒಲೆ ಅದು. ನೂರು ಕೋಟಿ ವರ್ಷಗಳಿಗೂ ಹಿಂದೆ ಸ್ವತಂತ್ರವಾಗಿ ಬಾಳುತ್ತಿದ್ದ ಒಂದು ಬ್ಯಾಕ್ಟೀರಿಯವು ಇನ್ನೊಂದು ಕೋಶದೊಳಗೆ ಬಂದು ನೆಲೆಸಿ, ಕ್ರಮೇಣ ಆ ಮನೆಯದೇ ಆಗಿಹೋಯಿತು. ಈ ವಿಚಾರವನ್ನು 1967ರಲ್ಲಿ ಅಮೆರಿಕದ ವಿದುಷಿ ಲಿನ್ ಮಾರ್ಗುಲಿಸ್ ಬಲವಾಗಿ ಪ್ರತಿಪಾದಿಸಿದರು. ಇಂದು ಅದು ವಿದ್ವಾಂಸರಿಗೆ ಸಮ್ಮತವಾಗಿದೆ. ಆ ಅತಿಥಿ ಬರುವಾಗ ತಂದ ಆಸ್ತಿಯಲ್ಲಿ ಬಹುಪಾಲು ಕಳೆದುಹೋಯಿತು, ಇಲ್ಲವೇ ಕೋಶಕೇಂದ್ರದ ಭಂಡಾರವನ್ನು ಸೇರಿತು. ಉಳಿದದ್ದು 16,569 ಅಕ್ಷರಜೋಡಿಗಳ ಒಂದು ಪುಟ್ಟ ಡಿಎನ್‌ಎ ಬಳೆ. ಅದರ ಪೂರ್ಣಪಾಠವನ್ನು ಕೇಂಬ್ರಿಜ್‌ನ ವಿಜ್ಞಾನಿಗಳು 1981ರಲ್ಲಿ ಓದಿ ಪ್ರಕಟಿಸಿದರು. ಈ ಬಳೆ ನಮಗೆ ಬರುವುದು ತಾಯಿಯಿಂದ. ಅದರಲ್ಲಿ 13 ಪ್ರೋಟೀನುಗಳ ಬರಹವಿದೆ. 13ಕ್ಕೆ 13ೂ ಆ ಒಲೆಯ ಬಿಡಿಭಾಗಗಳೇ.

ಬರಹವನ್ನು ಓದಿ ಪ್ರೋಟೀನನ್ನು ಎರಕ ಹೊಯ್ಯುವ ಕಮ್ಮಟಕ್ಕೆ ರೈಬೋಸೋಮ್ ಎಂದು ಹೆಸರು. ಕೋಶದ ಹೊರ ಅಂಗಳದಲ್ಲಿ ಇಂತಹವು ಲಕ್ಷಗಟ್ಟಲೆ ಇವೆ. ಆದರೂ ಮೈಟೋಕಾಂಡ್ರಿಯವು ತನ್ನ 13 ಪ್ರೋಟೀನುಗಳಿಗಾಗಿ ತನ್ನದೇ ಪ್ರತ್ಯೇಕ ರೈಬೋಸೋಮನ್ನು ಇಟ್ಟುಕೊಂಡಿದೆ. ಅದರ ವೈಚಿತ್ರ್ಯವೆಂದರೆ, ಅದು ಎರಡು ಮನೆತನಗಳ ಸೊತ್ತಿನಿಂದ ಆದದ್ದು. ಅದರ ಆರ್‌ಎನ್‌ಎ ಎಳೆಗಳು ಒಳಗಿನ ಬಳೆಯಿಂದಲೇ ನಕಲಾಗುತ್ತವೆ. ಅವುಗಳ ಸುತ್ತ ಕೂಡಿಕೊಳ್ಳುವ ಸುಮಾರು 80 ಪ್ರೋಟೀನುಗಳಲ್ಲಿ ಒಂದೂ ಒಳಗೆ ಹುಟ್ಟಿದ್ದಲ್ಲ. ಅವುಗಳ ಬರಹ ಕೋಶಕೇಂದ್ರದಲ್ಲಿದೆ. ಅವು ಹೊರ ಅಂಗಳದ ರೈಬೋಸೋಮುಗಳಲ್ಲಿ ತಯಾರಾಗಿ, ಎರಡು ಪೊರೆಗಳನ್ನು ದಾಟಿ ಒಳಗೆ ಬರಬೇಕು. ಕಮ್ಮಾರನ ಒಂದು ಇಕ್ಕಳವನ್ನು ಇನ್ನೊಂದು ಇಕ್ಕಳದಿಂದಲೇ ಮಾಡಬೇಕಾದಂತೆ ಇದು.

ಕಟ್ಟಡದ ಮೊದಲ ಕೆಲಸ ಕತ್ತರಿಸುವುದು. ಬಳೆಯ ಬರಹವು ಬಿಡಿಬಿಡಿಯಾಗಿ ನಕಲಾಗದೆ ಒಂದೇ ಉದ್ದನೆಯ ಎಳೆಯಾಗಿ ಹೊರಡುತ್ತದೆ. ನಮ್ಮ ಓಲೆಗರಿಗಳಲ್ಲಿ ಪದಗಳ ನಡುವೆ ತೆರಪಿಲ್ಲದೆ ಬರೆದಿರುವ ಹಾಗೆ. ಈ ಎಳೆಯಲ್ಲಿ ಪದವಿಭಾಗವನ್ನು ಸೂಚಿಸುವುದು ನಡುನಡುವೆ ಬರುವ ಸಾಗಣೆ ಆರ್‌ಎನ್‌ಎ ಎಂಬ ಪುಟ್ಟ ತುಣುಕುಗಳು. ಅವುಗಳ ಎರಡು ತುದಿಗಳನ್ನೂ ಗುರುತಿಸಿ ಕಿಣ್ವಗಳು ಎಳೆಯನ್ನು ಕತ್ತರಿಸುತ್ತವೆ. ಆಗ 954 ಅಕ್ಷರಗಳ ಒಂದು ಮತ್ತು 1,559 ಅಕ್ಷರಗಳ ಇನ್ನೊಂದು ರೈಬೋಸೋಮ್ ಆರ್‌ಎನ್‌ಎ ಬೇರ್ಪಡುತ್ತವೆ. ಇವೆರಡರ ನಡುವಿದ್ದ ತುಣುಕು ವ್ಯಾಲೀನ್ ಎಂಬ ಅಮೈನೊ ಆಮ್ಲದ ಸಾಗಣೆಗೆ ಮೀಸಲಾದದ್ದು. ಆದರೂ ಅದರ ಒಂದು ಪ್ರತಿ ಕಟ್ಟಡದ ಕಲ್ಲಾಗಿಯೂ ಬಂದು ದೊಡ್ಡ ಭಾಗದಲ್ಲಿ ಶಾಶ್ವತವಾಗಿ ಕೂರುತ್ತದೆ.

ವ್ಯಾಕರಣ ಓದಿದವರು ಸಂಧಿಕಾರ್ಯದಲ್ಲಿ ಲೋಪ, ಆಗಮ, ಆದೇಶ ಎಂಬ ಮೂರು ಬಗೆಗಳನ್ನು ಬಲ್ಲರು. ಇಲ್ಲಿಯೂ ಆ ಮೂರಕ್ಕೆ ಸಮೀಪದ ಕಾರ್ಯಗಳಿವೆ. ಕತ್ತರಿಸುವುದು ಲೋಪ. ಆಯ್ದ ಕೆಲವು ಅಕ್ಷರಗಳಿಗೆ ಮೀಥೈಲ್ ಎಂಬ ಪುಟ್ಟ ಗುಂಪು ಸೇರುವುದು ಆಗಮ. ಯುರಿಡಿನ್ ಎಂಬುದು ಸೂಡೊಯುರಿಡಿನ್ ಎಂಬ ಮರುರೂಪ ತಾಳುವುದು ಆದೇಶ. ಈ ತಿದ್ದುಪಾಟು ನಡೆಯುತ್ತಿರುವಂತೆಯೇ ಎಳೆ ಮಡಿಸಿಕೊಳ್ಳತೊಡಗುತ್ತದೆ. ಪ್ರೋಟೀನುಗಳು ಬಂದು ಅಂಟಿಕೊಳ್ಳುತ್ತವೆ. ಇದೆಲ್ಲ ಡಿಎನ್‌ಎ ಬಳೆಯ ಸಮೀಪದಲ್ಲೇ ಆರ್‌ಎನ್‌ಎ ಕಣಗಳೆಂಬ ಕಿರಿದಾದ ನೆಲೆಗಳಲ್ಲಿ ನಡೆಯುತ್ತದೆ. ಪ್ರೋಟೀನುಗಳು ಬೇಕಾದುದಕ್ಕಿಂತ ಹೆಚ್ಚಾಗಿಯೇ ತಯಾರಾಗುತ್ತವೆಂದೂ, ಜೋಡಣೆ ನಿಧಾನವೆಂದೂ, ಮೊದಲು ಬರುವವು ಯಾವುವು, ಕೊನೆಗೆ ಬರುವವು ಯಾವುವು ಎಂಬ ಕ್ರಮವಿದೆಯೆಂದೂ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ರೋಗಕ್ಕೆ ಕಾರಣವೆಂದು ಅದುವರೆಗೆ ತಿಳಿದಿದ್ದ ದೋಷಗಳು ಮೊದಲು ಬಂದು ಸೇರುವ ಪ್ರೋಟೀನುಗಳಲ್ಲಿಯೇ ಇದ್ದವು. ತಳಪಾಯ ಸೊಟ್ಟಗಾದರೆ ಮೇಲಿನ ಗೋಡೆ ನಿಲ್ಲಲಾರದು.

ಕಮಾನು ಕಟ್ಟುವ ಗಾರೆಯವರು ಮೊದಲು ಮರದ ಆಸರೆಯನ್ನು ನಿಲ್ಲಿಸುತ್ತಾರೆ. ನಡುಗಲ್ಲು ಕೂತ ಮೇಲೆ ಅದನ್ನು ತೆಗೆದುಬಿಡುತ್ತಾರೆ. ರೈಬೋಸೋಮಿನ ಕಟ್ಟಡಕ್ಕೂ ಇಂತಹ ಆಸರೆಯ ಪ್ರೋಟೀನುಗಳು ಹಲವಿವೆ. ಎರಾಲ್-1 ಎಂಬುದು ಚಿಕ್ಕ ಆರ್‌ಎನ್‌ಎಯನ್ನು ಅದು ನೆಲೆಗೊಳ್ಳುವವರೆಗೆ ಹಿಡಿದುಕೊಂಡಿರುತ್ತದೆ. ಮಾಲ್ಸು-1 ಎಂಬುದು ತನ್ನ ಸಂಗಡಿಗರೊಡನೆ ದೊಡ್ಡ ಭಾಗಕ್ಕೆ ಅಡ್ಡಲಾಗಿ ಕೂತು, ಚಿಕ್ಕ ಭಾಗವು ಅಕಾಲದಲ್ಲಿ ಬಂದು ಕೂಡದಂತೆ ತಡೆಯುತ್ತದೆ. ಕೆಲಸ ಮುಗಿದೊಡನೆ ಇವು ಹೊರಟುಹೋಗುತ್ತವೆ. ಸಿದ್ಧವಾದ ಯಂತ್ರದಲ್ಲಿ ಇವುಗಳ ಗುರುತೂ ಇರುವುದಿಲ್ಲ. ಕೊನೆಗೆ, ಓದಬೇಕಾದ ಸಂದೇಶ ಬಂದಾಗ, ಬರಹವನ್ನು ಓದುವ ಚಿಕ್ಕ ಭಾಗವೂ ಅಮೈನೊ ಆಮ್ಲಗಳನ್ನು ಪೋಣಿಸುವ ದೊಡ್ಡ ಭಾಗವೂ ಕೂಡುತ್ತವೆ. ಹೀಗೆ ಕೂಡಿದ ರೈಬೋಸೋಮಿನಲ್ಲಿ ತೂಕದ ಸುಮಾರು ಮೂರನೆಯ ಎರಡು ಪಾಲು ಪ್ರೋಟೀನು. ಬ್ಯಾಕ್ಟೀರಿಯದಲ್ಲಿ ಈ ಲೆಕ್ಕ ತಿರುವುಮುರುವು. ಅಲ್ಲಿ ಆರ್‌ಎನ್‌ಎಯದೇ ದೊಡ್ಡ ಪಾಲು. ತವರಿನ ಸೊತ್ತು ಕರಗಿದಂತೆಲ್ಲ ಸೇರಿದ ಮನೆಯ ಸೊತ್ತು ಬೆಳೆದಿದೆ.

ಈ ರಚನೆಯನ್ನು ಅತಿಶೀತದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ವಿವರವಾಗಿ ಕಂಡದ್ದು ಈಚೆಗೆ. ಮಾನವ ಮೈಟೋಕಾಂಡ್ರಿಯದ ಇಡೀ ರೈಬೋಸೋಮಿನ ಚಿತ್ರವನ್ನು 2015ರಲ್ಲಿ ಪ್ರಕಟಿಸಿದ ಕೇಂಬ್ರಿಜ್ ತಂಡದಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಇದ್ದರು. ಬ್ಯಾಕ್ಟೀರಿಯದ ರೈಬೋಸೋಮನ್ನು ಕುರಿತ ಸಂಶೋಧನೆಗಾಗಿ ಅವರು 2009ರ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡಿದ್ದರು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಸ್ಟ್ರೆಪ್ಟೊಮೈಸಿನ್ ಮತ್ತು ಅದರ ಬಳಗದ ಔಷಧಗಳು ಬ್ಯಾಕ್ಟೀರಿಯದ ರೈಬೋಸೋಮಿಗೆ ಅಂಟಿ ಅದರ ಓದನ್ನು ಕೆಡಿಸುತ್ತವೆ. ನಮ್ಮ ಒಳಮನೆಯ ರೈಬೋಸೋಮ್ ಆ ಕುಲದ್ದೇ ಆದರೂ ಬಹುಕಾಲದ ಬದಲಾವಣೆಯಿಂದ ಅದರ ಗುರುತು ಬೇರೆಯಾಗಿದೆ. ಔಷಧಕ್ಕೆ ಅದು ಸುಲಭವಾಗಿ ಸಿಕ್ಕದು. ಆದರೆ ಕೆಲವು ಮನೆತನಗಳ ಡಿಎನ್‌ಎ ಬಳೆಯಲ್ಲಿ 1555ನೆಯ ಸ್ಥಾನದಲ್ಲಿ ‘ಎ’ ಎಂಬ ಅಕ್ಷರವಿರಬೇಕಾದ ಕಡೆ ‘ಜಿ’ ಇದೆಯೆಂದು 1993ರಲ್ಲಿ ತಿಳಿದುಬಂತು. ಒಂದಕ್ಷರದ ಈ ಪಾಠಾಂತರದಿಂದ ಚಿಕ್ಕ ಆರ್‌ಎನ್‌ಎಯ ಒಂದು ಮಡಿಕೆ ಮತ್ತೆ ಬ್ಯಾಕ್ಟೀರಿಯದ ಮಡಿಕೆಯನ್ನು ಹೋಲತೊಡಗುತ್ತದೆ. ಔಷಧವು ಹಗೆಯೆಂದು ಭ್ರಮಿಸಿ ಮನೆಯವರನ್ನೇ ಹಿಡಿಯುತ್ತದೆ. ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹೋದ ಶ್ರವಣ ಮರಳುವುದಿಲ್ಲ.

ಹೊರಗಿನ ಮನೆತನ ತಪ್ಪಿದರೂ ಫಲ ಇಂತಹುದೇ. ಎರಾಲ್-1ರ ಬರಹದಲ್ಲಿ ದೋಷವುಳ್ಳ ಕೆಲವರಲ್ಲಿ ಪೆರಾಲ್ಟ್ ಸಿಂಡ್ರೋಮ್ ಉಂಟಾಗುತ್ತದೆಂದು 2017ರಲ್ಲಿ ಕಂಡುಬಂತು. ಅದರಲ್ಲಿ ಗಂಡಸರೂ ಹೆಂಗಸರೂ ಕಿವುಡರಾಗುತ್ತಾರೆ. ಹೆಂಗಸರ ಅಂಡಾಶಯವೂ ಕುಗ್ಗುತ್ತದೆ. ಇದು ಕೋಶಕೇಂದ್ರದ ಬರಹವಾದುದರಿಂದ ತಂದೆತಾಯಿಗಳಿಬ್ಬರಿಂದಲೂ ಬರುತ್ತದೆ. ಕಟ್ಟಡ ಮುಗಿದ ಮೇಲೆ ಹೊರಟುಹೋಗುವ ಆಸರೆಯೊಂದು ಕೈಕೊಟ್ಟರೂ ಮನೆ ಕೆಡುತ್ತದೆಂಬುದಕ್ಕೆ ಇದೇ ಸಾಕ್ಷಿ.

ಅರಿವಿನಿಂದ ಒಂದು ಉಪಕಾರವೂ ಆಗಿದೆ. ಸೋಂಕು ತಗುಲಿದ ನವಜಾತ ಶಿಶುವಿಗೆ ಅದೇ ಬಳಗದ ಜೆಂಟಾಮೈಸಿನ್ನನ್ನು ಗಂಟೆಯೊಳಗೆ ಕೊಡಬೇಕಾಗುತ್ತದೆ. ಕೆನ್ನೆಯ ಒಳಬದಿಯನ್ನು ಸವರಿ, 1555ನೆಯ ಅಕ್ಷರವನ್ನು 26 ನಿಮಿಷಗಳಲ್ಲಿ ಓದುವ ಪರೀಕ್ಷೆಯನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್‌ನಲ್ಲಿ ಪ್ರಯೋಗಿಸಿ ನೋಡಿದರು. ಅದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಪಾಠಾಂತರವುಳ್ಳ ಮಗುವಿಗೆ ಬೇರೆ ಔಷಧ ಕೊಟ್ಟರೆ ಅದರ ಕಿವಿ ಉಳಿಯುತ್ತದೆ.

ಕೇಳುಗರೇ, ನೀವು ಈ ಮಾತನ್ನು ಕೇಳುತ್ತಿರುವ ಗಳಿಗೆಯಲ್ಲಿಯೂ ನಿಮ್ಮ ಒಳಕಿವಿಯ ಕೋಶಗಳಲ್ಲಿ ಈ ಜೋಡಣೆ ನಡೆದೇ ಇದೆ. ನಿಮ್ಮ ತಾಯಿಯ ಕಡೆಯ ಬಂಧುಗಳಲ್ಲಿ ಯಾರಿಗಾದರೂ ಚುಚ್ಚುಮದ್ದಿನ ಬಳಿಕ ಕಿವಿ ಹೋದ ಪ್ರಸಂಗವಿದ್ದರೆ, ಅದನ್ನು ಹಣೆಬರಹವೆಂದು ಮರೆಯಬೇಡಿ. ಮುಂದಿನ ಸಲ ವೈದ್ಯರನ್ನು ಕಂಡಾಗ ತಪ್ಪದೆ ಹೇಳಿ. ಅಜ್ಜಿಯ ಆ ಕಥೆಯಿಂದ ಮೊಮ್ಮಗುವಿನ ಶ್ರವಣ ಉಳಿದೀತು.

(ಬಾನುಲಿ ಭಾಷಣ)