ಕೇಬಲ್‌ಗೆ ಎಷ್ಟು, ಕಿವಿಗೆ ಎಷ್ಟು?

ಕಳೆದ ಸೆಮಿಸ್ಟರ್ ರಜೆಯಲ್ಲಿ ದೊಡ್ಡಪ್ಪನ ಮಗ ಫೋನ್ ಮಾಡಿದ್ದ. ಬೆಂಗಳೂರಲ್ಲಿ ಕೆಲಸ, ಎರಡು ಬೆಡ್‌ರೂಮಿನ ಮನೆ, ಒಂದೂವರೆ ವರ್ಷದ ಮಗು. ಹಾಡು ಕೇಳುವ ಹುಚ್ಚು ಅವನಿಗೆ ಮೊದಲಿಂದಲೂ ಇದೆ. ಮಗು ಮಲಗಿದ ಮೇಲೆ ಕೇಳೋಕೆ ಒಂದು ಒಳ್ಳೆಯ ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್ ಬೇಕಂತೆ. ತಿಂಗಳಿಗೊಮ್ಮೆ ಶಿರಸಿಗೆ ಬರುವ ರಾತ್ರಿ ಬಸ್ಸಲ್ಲೂ ಅದೇ ನಡೀಬೇಕಂತೆ. ಅಂಗಡಿಯವರು ಜೊತೆಗೊಂದು ಬೆಳ್ಳಿ ಕೇಬಲ್ ತಗೊಳ್ಳಿ, ಪರದೆ ಸರಿಸಿದ ಹಾಗೆ ಕೇಳತ್ತೆ ಅಂದಿದ್ದಾರೆ. ಕೇಬಲ್ ಒಂದಕ್ಕೇ ಮೂವತ್ತು ಸಾವಿರ.

"ನೀನು ಇಸಿ ಓದ್ತಿದ್ದೀಯಲ್ಲೋ, ಹೇಳು. ಹಾಕ್ಲಾ, ಬೇಡ್ವಾ?"

ಎರಡು ದಿನ ಟೈಮ್ ಕೊಡು ಅಣ್ಣಾ ಅಂದೆ. ಆ ಎರಡು ದಿನದ ಲೆಕ್ಕವೇ ಈ ಲೇಖನ. ಇದಕ್ಕೆ ಬೇಕಾಗಿದ್ದು ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ಸ್‌ ಅಷ್ಟೇ.

ಹಿಂದಿನ ಸದ್ದಿನ ಕಥೆ

ಹೆಡ್‌ಫೋನಿನ ಡ್ರೈವರ್ ಒಂದು ತೆಳು ಪೊರೆ. ಅದು ಕಿವಿಯ ಕಡೆ ಎಷ್ಟು ಗಾಳಿ ತಳ್ಳುತ್ತದೋ ಅಷ್ಟನ್ನೇ ಹಿಂದಕ್ಕೂ ತಳ್ಳುತ್ತದೆ. ಓಪನ್-ಬ್ಯಾಕ್ ಹೆಡ್‌ಫೋನಿನಲ್ಲಿ ಆ ಹಿಂದಿನ ಸದ್ದು ಜಾಲರಿಯಿಂದ ಆಚೆ ಹೋಗುತ್ತದೆ. ಪಕ್ಕದಲ್ಲಿ ಮಲಗಿದವರಿಗೂ ಹಾಡು ಕೇಳಿಸುತ್ತದೆ. ಕ್ಲೋಸ್ಡ್-ಬ್ಯಾಕ್‌ನಲ್ಲಿ ಹಿಂಬದಿ ಮುಚ್ಚಿರುವುದರಿಂದ ಸದ್ದು ಆಚೆ ಹೋಗುವುದು ತೀರಾ ಕಡಿಮೆ. ಆದರೆ ಒಳಗೇ ಉಳಿದ ಸದ್ದು ಬಟ್ಟಲಿನ ಗೋಡೆಗೆ ಬಡಿದು ವಾಪಸ್ ಬಂದು, ಪೊರೆಯನ್ನು ದಾಟಿ, ಸ್ವಲ್ಪ ತಡವಾಗಿ ಕಿವಿ ಸೇರುತ್ತದೆ. ಕೆಲವು ಆವರ್ತನಗಳಲ್ಲಿ ಮೂಲ ಸದ್ದಿಗೆ ಕೂಡಿಕೊಳ್ಳುತ್ತದೆ, ಕೆಲವು ಕಡೆ ಕಳೆಯುತ್ತದೆ. ಅಗ್ಗದ ಕ್ಲೋಸ್ಡ್-ಬ್ಯಾಕ್‌ನಲ್ಲಿ ಹಾಡು ಡಬ್ಬದೊಳಗಿಂದ ಬಂದ ಹಾಗೆ ಕೇಳುವುದು ಇದಕ್ಕೇ. ದುಬಾರಿ ಮಾಡೆಲ್‌ಗೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುವುದು ಈ ಹಿಂದಿನ ಸದ್ದನ್ನು ಏನು ಮಾಡುವುದು ಅನ್ನುವ ಪ್ರಶ್ನೆಗೆ.

ನಾಲ್ಕು ಹೆಡ್‌ಫೋನು, ನಾಲ್ಕು ಉತ್ತರ

ಅಣ್ಣನ ಪಟ್ಟಿಯಲ್ಲಿ ನಾಲ್ಕಿದ್ದವು.

ಸೆನ್‌ಹೈಸರ್ ಎಚ್‌ಡಿ 820, 2018ರದ್ದು. ಹಿಂಬದಿಗೆ ಒಳಕ್ಕೆ ಬಾಗಿದ ಗಾಜು ಇದೆ. ಹಿಂದಿನ ಸದ್ದನ್ನು ಅದು ಡ್ರೈವರ್ ಮೇಲೆ ಬೀಳದ ಹಾಗೆ ಪಕ್ಕದ ಹೀರುಕೋಣೆಗಳಿಗೆ ತಿರುಗಿಸುತ್ತದೆ. 300 ಓಮ್.

ಫೋಕಲ್ ಸ್ಟೆಲಿಯಾ, 2019ರದ್ದು. ಬೆರಿಲಿಯಂ ಪೊರೆ, ಅಂದರೆ ತುಂಬಾ ಹಗುರ, ತುಂಬಾ ಬಿಗಿ. 35 ಓಮ್, 435 ಗ್ರಾಂ. ಬಿಡುಗಡೆಯಾದಾಗ ಬೆಲೆ 2,999 ಡಾಲರ್.

ಡೆನಾನ್ ಎಎಚ್-ಡಿ9200, 2018ರದ್ದು. ಬಟ್ಟಲು ಜಪಾನಿನ ಬಿದಿರಿನದು. 24 ಓಮ್, 375 ಗ್ರಾಂ.

ಸೋನಿ ಎಂಡಿಆರ್-ಝಡ್1ಆರ್, 2016ರದ್ದು. ಡ್ರೈವರ್ 70 ಮಿ.ಮೀ. ಅಗಲ. 64 ಓಮ್, 385 ಗ್ರಾಂ.

ಇವುಗಳ ಜೊತೆ ಡಬ್ಬಿಯಲ್ಲಿ ಬಂದ ಕೇಬಲ್ ನೋಡಿದರೆ ಯಾವುದನ್ನು ಎಲ್ಲಿ ಬಳಸಬೇಕು ಅಂತ ಕಂಪನಿಯೇ ಹೇಳಿಬಿಟ್ಟಿದೆ. ಎಚ್‌ಡಿ 820 ಜೊತೆ ಮೂರು ಕೇಬಲ್, ಮೂರೂ 3 ಮೀಟರ್ ಉದ್ದ. ಅದು ಕುರ್ಚಿ ಬಿಟ್ಟು ಏಳುವ ಹೆಡ್‌ಫೋನ್ ಅಲ್ಲ. ಸ್ಟೆಲಿಯಾ ಜೊತೆ 3 ಮೀಟರಿನದೊಂದು, 1.2 ಮೀಟರಿನದೊಂದು. ಡೆನಾನ್, ಸೋನಿ ಜೊತೆಗೂ ಹೀಗೇ ಒಂದು ಉದ್ದ, ಒಂದು ಗಿಡ್ಡ.

ಓಮ್ ಲೆಕ್ಕವೂ ಅದನ್ನೇ ಹೇಳುತ್ತದೆ. ಸ್ಟೆಲಿಯಾ 1 ಮಿಲಿವ್ಯಾಟ್‌ಗೆ 106 ಡೆಸಿಬಲ್ ಕೊಡುತ್ತದೆ. 35 ಓಮ್‌ಗೆ 1 ಮಿಲಿವ್ಯಾಟ್ ಅಂದರೆ ಸುಮಾರು 0.19 ವೋಲ್ಟ್. ಎಚ್‌ಡಿ 820 ಒಂದು ವೋಲ್ಟ್‌ಗೆ 103 ಡೆಸಿಬಲ್ ಕೊಡುತ್ತದೆ. ಅದೇ 106 ಮುಟ್ಟಬೇಕಾದರೆ 1.4 ವೋಲ್ಟ್ ಬೇಕು, ಅಂದರೆ ಏಳು ಪಟ್ಟಿಗಿಂತ ಹೆಚ್ಚು. ಫೋನಿಗೆ ಸಿಕ್ಕಿಸುವ ಪುಟ್ಟ ಡಾಂಗಲ್‌ಗೆ ಮೊದಲನೆಯದು ಸಲೀಸು. ಎರಡನೆಯದಕ್ಕೆ ಮೇಜಿನ ಮೇಲೊಂದು ಆಂಪ್ಲಿಫೈಯರ್ ಇದ್ದರೆ ಒಳ್ಳೆಯದು.

ಬೆಳ್ಳಿ ಕೇಬಲ್ ಲೆಕ್ಕ

ಈಗ ಮೂವತ್ತು ಸಾವಿರದ ಪ್ರಶ್ನೆ. 20 ಡಿಗ್ರಿಯಲ್ಲಿ ತಾಮ್ರದ ರೆಸಿಸ್ಟಿವಿಟಿ 1.68 × 10⁻⁸ ಓಮ್-ಮೀಟರ್, ಬೆಳ್ಳಿಯದು 1.59 × 10⁻⁸. ಬೆಳ್ಳಿ ಉತ್ತಮ ಅನ್ನೋದು ನಿಜ, ಆದರೆ ಐದಾರು ಶೇಕಡಾ ಮಾತ್ರ.

0.4 ಮಿ.ಮೀ. ದಪ್ಪದ ತಾಮ್ರದ ತಂತಿ ತಗೊಳ್ಳಿ. ಮೀಟರಿಗೆ 0.134 ಓಮ್ ಬರುತ್ತದೆ. ಒಂದೂವರೆ ಮೀಟರ್ ಕೇಬಲ್ ಅಂದರೆ ಹೋಗೋಕೆ ಬರೋಕೆ ಸೇರಿ 3 ಮೀಟರ್ ತಂತಿ, 0.40 ಓಮ್. ನಾಲ್ಕರಲ್ಲಿ ಕೇಬಲ್‌ನ ಪ್ರಭಾವ ಜಾಸ್ತಿ ಬೀಳುವುದು ಕಡಿಮೆ ಓಮ್‌ನ ಡೆನಾನ್ ಮೇಲೆ. 24 ಓಮ್‌ಗೆ ಸರಣಿಯಲ್ಲಿ 0.40 ಓಮ್ ಬಂದರೆ ನಷ್ಟ 0.14 ಡೆಸಿಬಲ್. ಅದೇ ದಪ್ಪದ ಬೆಳ್ಳಿ ಹಾಕಿದರೆ 0.38 ಓಮ್. ಎರಡರ ನಡುವಿನ ವ್ಯತ್ಯಾಸ 0.007 ಡೆಸಿಬಲ್. ಶಾಂತವಾದ ರೂಮಿನಲ್ಲಿ, ಪಳಗಿದ ಕಿವಿಗೂ ಡೆಸಿಬಲ್‌ನ ಹತ್ತನೇ ಒಂದು ಭಾಗ ಗುರುತಿಸುವುದೇ ಕಷ್ಟ. ಇದು ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ವಾಲ್ಯೂಮ್ ಗುಂಡಿ ಕೂದಲೆಳೆಯಷ್ಟು ತಿರುಗಿದರೆ ಇದಕ್ಕಿಂತ ಜಾಸ್ತಿ ಬದಲಾಗುತ್ತದೆ.

"ಸ್ಕಿನ್ ಎಫೆಕ್ಟ್ ಇದೆಯಲ್ಲ?" ಅಂತ ಕೇಳಬಹುದು. ಇದೆ. 20 ಕಿಲೋಹರ್ಟ್ಜ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ ಸುಮಾರು 0.46 ಮಿ.ಮೀ. ನಮ್ಮ ತಂತಿಯ ತ್ರಿಜ್ಯವೇ 0.2 ಮಿ.ಮೀ. ಕರೆಂಟ್ ಇಡೀ ತಂತಿಯಲ್ಲಿ ಆರಾಮಾಗಿ ಹರಿಯುತ್ತದೆ. "ಕೆಪಾಸಿಟನ್ಸ್?" ಕೇಬಲ್‌ಗೆ 300 ಪಿಕೋಫ್ಯಾರಡ್ ಅಂತ ಹಿಡಿದು, ಆಂಪ್ಲಿಫೈಯರ್‌ನ ಔಟ್‌ಪುಟ್ ಇಂಪಿಡೆನ್ಸ್ 10 ಓಮ್ ಅಂದುಕೊಂಡರೂ ಕಟ್-ಆಫ್ ಬರುವುದು 53 ಮೆಗಾಹರ್ಟ್ಜ್‌ನಲ್ಲಿ. ನಮ್ಮ ಕಿವಿ 20 ಕಿಲೋಹರ್ಟ್ಜ್‌ಗೇ ಸುಸ್ತು.

ನಿಜವಾದ ಕಳ್ಳ ಎಲ್ಲಿದ್ದಾನೆ

ಅದೇ ಸೂತ್ರವನ್ನು ಜ್ಯಾಕ್‌ನ ಇನ್ನೊಂದು ಬದಿಗೆ ಹಾಕಿ ನೋಡಿ. ಹೆಡ್‌ಫೋನಿನ ಇಂಪಿಡೆನ್ಸ್ ಎಲ್ಲ ಆವರ್ತನದಲ್ಲೂ ಒಂದೇ ಇರುವುದಿಲ್ಲ. ಒಂದು ಹೆಡ್‌ಫೋನ್ ಮಧ್ಯದ ಸ್ವರಗಳಲ್ಲಿ 30 ಓಮ್, ಬಾಸ್ ಅನುರಣನದ ಹತ್ತಿರ 60 ಓಮ್ ಅಂದುಕೊಳ್ಳಿ. ಔಟ್‌ಪುಟ್ ಇಂಪಿಡೆನ್ಸ್ 10 ಓಮ್ ಇರುವ ಜ್ಯಾಕ್‌ಗೆ ಹಾಕಿದರೆ ಒಂದು ಕಡೆ 2.5 ಡೆಸಿಬಲ್ ನಷ್ಟ, ಇನ್ನೊಂದು ಕಡೆ 1.3. ಅಂದರೆ ಬಾಸ್ ತನ್ನಷ್ಟಕ್ಕೆ 1.2 ಡೆಸಿಬಲ್ ಉಬ್ಬುತ್ತದೆ, ಇದು ಕೇಳಿಸುವ ವ್ಯತ್ಯಾಸ. ಜ್ಯಾಕ್ 1 ಓಮ್‌ನದಾದರೆ ಉಬ್ಬು 0.14ಕ್ಕೆ ಇಳಿಯುತ್ತದೆ. ನಮ್ಮ 0.40 ಓಮ್ ತಾಮ್ರದ ಕೇಬಲ್‌ನಿಂದ ಬರುವುದು 0.06 ಮಾತ್ರ. ಹಾಗಾಗಿ ಕೇಬಲ್ ಬದಲಿಸುವ ಮುಂಚೆ ಯಾವ ಜ್ಯಾಕ್‌ಗೆ ಸಿಕ್ಕಿಸುತ್ತಿದ್ದೇವೆ ಅಂತ ನೋಡಬೇಕು. ಹೆಡ್‌ಫೋನಿನ ಓಮ್‌ನಲ್ಲಿ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇಂಪಿಡೆನ್ಸ್ ಇರುವ ಜ್ಯಾಕ್ ಇದ್ದರೆ ಸಾಕು.

ಇದಕ್ಕಿಂತ ದೊಡ್ಡ ವಿಷಯ ಕುಶನ್. ಕ್ಲೋಸ್ಡ್-ಬ್ಯಾಕ್‌ನಲ್ಲಿ ಬಾಸ್ ನಿಂತಿರುವುದೇ ಕಿವಿಯ ಸುತ್ತ ಕುಶನ್ ಗಾಳಿಯಾಡದಂತೆ ಕೂರುವುದರ ಮೇಲೆ. ಕನ್ನಡಕದ ಕಡ್ಡಿ, ದಪ್ಪ ಜಡೆ, ಸವೆದ ಕುಶನ್, ಯಾವುದರಿಂದಲಾದರೂ ಸಣ್ಣ ಸಂದಿ ಬಿದ್ದರೆ ಬಾಸ್ ಸೋರಿಹೋಗುತ್ತದೆ. ಇಲ್ಲಿ ಹೋಗುವುದು ಡೆಸಿಬಲ್‌ನ ಭಾಗವಲ್ಲ, ಇಡೀ ಡೆಸಿಬಲ್‌ಗಳು. ಅಣ್ಣ ಕನ್ನಡಕ ಹಾಕುತ್ತಾನೆ. ಅವನು ಅಂಗಡಿಗೆ ಹೋಗಿ ಕನ್ನಡಕ ಹಾಕಿಕೊಂಡೇ ನಾಲ್ಕನ್ನೂ ಕೇಳಬೇಕು ಅನ್ನುವುದು ನನ್ನ ಮೊದಲ ಸಲಹೆ.

ಹಾಗಾದ್ರೆ ಕೇಬಲ್ ಲೆಕ್ಕಕ್ಕೇ ಇಲ್ವಾ?

ಇದೆ, ಆದರೆ ಲೋಹದ ಕಾರಣಕ್ಕಲ್ಲ. ಉದ್ದ ನೋಡಿ: ಮನೆಗೆ 3 ಮೀಟರ್, ಜೇಬಿಗೆ 1.2. ಪ್ಲಗ್ ನೋಡಿ: ಕೇಬಲ್ ಹೆಚ್ಚಾಗಿ ಸಾಯುವುದು ಪ್ಲಗ್ಗಿನ ಕುತ್ತಿಗೆಯಲ್ಲಿ. ಕವಚ ನೋಡಿ: ಗಟ್ಟಿ ಕವಚದ ಕೇಬಲ್ ಅಂಗಿಗೆ ಉಜ್ಜಿದರೆ ಆ ಸರಸರ ಸದ್ದು ಕಿವಿಗೇ ಬರುತ್ತದೆ. ಬಿಚ್ಚಿ ಹಾಕುವ ಕೇಬಲ್ ಇದ್ದರೆ ಒಂದು ಹಾಳಾದಾಗ ಹೆಡ್‌ಫೋನ್ ಮೂಲೆ ಸೇರುವುದಿಲ್ಲ.

ಒಂದು ವಿದ್ಯುತ್ ಕಾರಣವೂ ಇದೆ. ಕೆಲವು ಮೂರು ತಂತಿಯ ಕೇಬಲ್‌ಗಳಲ್ಲಿ ಎಡ, ಬಲ ಎರಡಕ್ಕೂ ವಾಪಸ್ ದಾರಿ ಒಂದೇ. ಆ ದಾರಿಯಲ್ಲಿ 0.2 ಓಮ್ ಇದ್ದು ಹೆಡ್‌ಫೋನ್ 25 ಓಮ್‌ನದಾದರೆ, ಎಡಗಡೆಯ ಸದ್ದು 42 ಡೆಸಿಬಲ್ ಕೆಳಗೆ ಬಲಗಡೆಗೆ ನುಸುಳುತ್ತದೆ. ಎರಡು ಕಡೆಗೂ ಬೇರೆ ಬೇರೆ ತಂತಿ ಇರುವ ನಾಲ್ಕು ತಂತಿಯ ಕೇಬಲ್‌ನಲ್ಲಿ ಇದು ಬಹುತೇಕ ಹೋಗುತ್ತದೆ. 4.4 ಮಿ.ಮೀ. ಬ್ಯಾಲೆನ್ಸ್ಡ್ ಪ್ಲಗ್‌ನಿಂದ ಸಿಗುವ ಇನ್ನೊಂದು ಲಾಭ ಎರಡರಷ್ಟು ವೋಲ್ಟೇಜ್, ಅಂದರೆ 6 ಡೆಸಿಬಲ್. ಆದರೆ ಅದನ್ನು ಕೊಡುವುದು ಆಂಪ್ಲಿಫೈಯರ್. 300 ಓಮ್‌ಗೆ ಅದು ಉಪಯೋಗ, 24 ಓಮ್‌ಗೆ ಅಷ್ಟು ಬೇಕಾಗಲ್ಲ.

ಬಸ್ಸು ಬೇರೆಯೇ ಲೋಕ

ಶಿರಸಿ ಬಸ್ಸಿನ ಎಂಜಿನ್ ಆರು ಸಿಲಿಂಡರ್, ನಾಲ್ಕು ಸ್ಟ್ರೋಕ್ ಅಂದುಕೊಳ್ಳಿ. 1500 ಆರ್‌ಪಿಎಂ ಅಂದರೆ ಸೆಕೆಂಡಿಗೆ 25 ಸುತ್ತು, ಸುತ್ತಿಗೆ ಮೂರು ಫೈರಿಂಗ್, 75 ಹರ್ಟ್ಜ್. ಕ್ಲೋಸ್ಡ್-ಬ್ಯಾಕ್ ಬಟ್ಟಲು ಮಾತು, ಹಾರ್ನಿನ ಚೂಪು ಸದ್ದುಗಳನ್ನು ಚೆನ್ನಾಗಿ ತಡೆಯುತ್ತದೆ. 75 ಹರ್ಟ್ಜ್‌ನ ಗೊರಗೊರ ಹೆಚ್ಚು ಕಡಿಮೆ ಹಾಗೇ ಒಳಗೆ ಬರುತ್ತದೆ, ಬಂದು ಮೃದಂಗದ ತೊಪ್ಪಿ ಬದಿಯ ನಾದವನ್ನು ಮುಚ್ಚಿಹಾಕುತ್ತದೆ. ಗಾಜು, ಬಿದಿರು, ಬೆರಿಲಿಯಂ ಯಾವುದೂ ಇಲ್ಲಿ ಏನೂ ಮಾಡಲಾರದು.

ನಾಯ್ಸ್ ಕ್ಯಾನ್ಸಲಿಂಗ್ ಕೆಲಸ ಮಾಡುವುದು ಸರಿಯಾಗಿ ಇಲ್ಲೇ. ಅದು ಮೈಕಿನಲ್ಲಿ ಗದ್ದಲ ಕೇಳಿ, ತಿರುಗಿಸಿದ ಅಲೆಯನ್ನು ಸೇರಿಸುತ್ತದೆ. 75 ಹರ್ಟ್ಜ್‌ನ ಅಲೆ ಸುಮಾರು ನಾಲ್ಕೂವರೆ ಮೀಟರ್ ಉದ್ದ, ಹೊಂದಿಸಿಕೊಳ್ಳೋಕೆ ಸಮಯ ಇರುತ್ತದೆ. 5 ಕಿಲೋಹರ್ಟ್ಜ್‌ನ ಅಲೆ 7 ಸೆಂ.ಮೀ., ಅದನ್ನು ಹಿಡಿಯೋದು ಕಷ್ಟ, ಅಲ್ಲಿ ಬಟ್ಟಲೇ ಸಾಕು. ಪ್ರಯಾಣಕ್ಕೆ ಎರಡೂ ಸೇರಿದ, ಮಡಚುವ, ಸಾಧಾರಣ ಬೆಲೆಯ ಹೆಡ್‌ಫೋನ್ ದುಬಾರಿಯದನ್ನು ಸುಲಭವಾಗಿ ಸೋಲಿಸುತ್ತದೆ. ಜೊತೆಗೆ, 435 ಗ್ರಾಂ ತಲೆ ಮೇಲಿಟ್ಟುಕೊಂಡು ಸೀಟಿಗೊರಗಿ ನಿದ್ದೆ ಮಾಡೋಕಾಗತ್ತಾ?

ದುಡ್ಡಿಗಿಂತ ದೊಡ್ಡದೊಂದಿದೆ. ಬಸ್ಸಿನೊಳಗೆ 75 ಡೆಸಿಬಲ್ ಗದ್ದಲ ಒಳಬಂದರೆ ಹಾಡು ಸ್ಪಷ್ಟವಾಗಲಿ ಅಂತ ನಾವು 88ಕ್ಕೆ ಏರಿಸುತ್ತೇವೆ. ಕೆಲಸದ ಜಾಗಗಳಿಗೆ ಅಮೆರಿಕದ ನಿಯೋಷ್ ಸಂಸ್ಥೆ ಹಾಕಿದ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ, ಮುಂದಿನ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. 88ಕ್ಕೆ ನಾಲ್ಕೇ ಗಂಟೆ, 100ಕ್ಕೆ ಹದಿನೈದು ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇನ್ನೂ ಬಿಗಿ: ವಾರಕ್ಕೆ 40 ಗಂಟೆ, 80 ಡೆಸಿಬಲ್. ಒಳಗಿವಿಯ ಕೂದಲಕೋಶ ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕೇಬಲ್ ಬದಲಿಸಬಹುದು, ಅದನ್ನು ಬದಲಿಸೋಕಾಗಲ್ಲ.

ನಂಬಬೇಡಿ, ಪರೀಕ್ಷೆ ಮಾಡಿ

ಇಷ್ಟಾದ ಮೇಲೂ "ನಂಗೆ ವ್ಯತ್ಯಾಸ ಕೇಳಿಸತ್ತೆ" ಅನ್ನುವ ಗೆಳೆಯ ಸಿಗುತ್ತಾನೆ. ಜಗಳ ಬೇಡ. ಲ್ಯಾಬಿನ ಮಲ್ಟಿಮೀಟರ್ ತಗೊಂಡು, 400 ಹರ್ಟ್ಜ್ ಟೋನ್ ಹಾಕಿ, ಎರಡೂ ಕೇಬಲ್‌ನಲ್ಲಿ ಹೆಡ್‌ಫೋನಿನ ತುದಿಗೆ ಬರುವ ವೋಲ್ಟೇಜ್ ಒಂದೇ ಮಾಡಿ. ಸ್ವಲ್ಪ ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ, ಮೋಸ ಅಲ್ಲೇ ಇರೋದು. ಕಣ್ಣು ಕಟ್ಟಿ, ಕೇಬಲ್‌ನ ಭಾರ ತಿಳಿಯದ ಹಾಗೆ ಇನ್ನೊಬ್ಬರು ಹಿಡಿದು, ನಾಣ್ಯ ಚಿಮ್ಮಿ ಹತ್ತು ಸಲ ಬದಲಿಸಿ. ಸುಮ್ಮನೆ ಊಹಿಸಿದರೂ ಏಳು ಅಥವಾ ಹೆಚ್ಚು ಸರಿಯಾಗುವ ಸಂಭವ 17 ಶೇಕಡಾ. ಒಂಬತ್ತು ಅಥವಾ ಹೆಚ್ಚು ಸರಿಯಾಗುವುದು 1 ಶೇಕಡಾ. ಒಂಬತ್ತು ಬಂದರೆ ಟೀ ಕೊಡಿಸಿ, ಕೂತು ಮಾತಾಡಿ. ಏಳಕ್ಕೆ ಹಿಗ್ಗಬೇಡಿ.

ಎರಡು ದಿನದ ಮೇಲೆ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಎಲ್ಲ ಕೇಳಿ, "ಅಂದ್ರೆ ಕೇಬಲ್ ಬೇಡ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತಲ್ಲೋ" ಅಂದ. ಕನ್ನಡಕದ ಮೇಲೆ ಸರಿಯಾಗಿ ಕೂತದ್ದು ಡೆನಾನ್, ಅದನ್ನೇ ತಗೊಂಡ. ಕೇಬಲ್ ಡಬ್ಬಿಯಲ್ಲಿ ಬಂದದ್ದೇ. ಉಳಿದ ಮೂವತ್ತು ಸಾವಿರದಲ್ಲಿ ಅರ್ಧದಷ್ಟು ಕೊಟ್ಟು ಬಸ್ಸಿಗೊಂದು ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ತಗೊಂಡ. ಹಬ್ಬಕ್ಕೆ ಬಂದಾಗ ಹೇಗಿತ್ತು ಅಂತ ಕೇಳಿದೆ. ಹಾಡು ಹಾಕಿದ್ದು ಮೆಜೆಸ್ಟಿಕ್‌ನಲ್ಲಂತೆ, ತುಮಕೂರು ದಾಟಿದ್ದು ಗೊತ್ತೇ ಆಗಲಿಲ್ಲವಂತೆ.